ತೇರಿನ ತಾರೀಖು, ಮಾತ್ರೆಯ ಲೆಕ್ಕ

ಶ್ರಾವಣ ಬಂತು ಅಂದರೆ ನಮ್ಮ ಅರಸೀಕೆರೆ ಕಡೆ ಮೆಡಿಕಲ್ ಶಾಪ್‌ಗಳಲ್ಲಿ ಒಂದು ಮಾತ್ರೆಗೆ ಗಿರಾಕಿ ಜಾಸ್ತಿ. ಅದನ್ನು ಯಾರೂ ಹೆಸರು ಹಿಡಿದು ಕೇಳುವುದಿಲ್ಲ. ಅಂಗಡಿಯಲ್ಲಿ ಗಂಡಸರು ನಿಂತಿದ್ದರೆ ಅವರು ಹೋಗುವ ತನಕ ಪಕ್ಕಕ್ಕೆ ಸರಿದು ನಿಂತು, ಆಮೇಲೆ ಮೆಲ್ಲಗೆ 'ಡೇಟ್ ಮುಂದೆ ಹೋಗೋದು ಕೊಡಿ' ಅನ್ನುತ್ತಾರೆ. ಅಂಗಡಿಯವರು ಎಷ್ಟು ದಿನಕ್ಕೆ ಅಂತ ಮಾತ್ರ ಕೇಳುತ್ತಾರೆ. ವರಮಹಾಲಕ್ಷ್ಮಿಗೆ ಮೂರು ದಿನ, ಗೌರಿ ಗಣೇಶಕ್ಕೆ ಐದು ದಿನ, ಗೃಹಪ್ರವೇಶಕ್ಕೆ ಒಂದು ವಾರ. ಕತ್ತರಿ ತೆಗೆದುಕೊಂಡು ಶೀಟಿನಿಂದ ಬೇಕಾದಷ್ಟು ಮಾತ್ರೆ ಕತ್ತರಿಸಿ, ಪೇಪರ್ ಕವರಿಗೆ ಹಾಕಿ, 'ದಿನಕ್ಕೆ ಮೂರು' ಅಂದರೆ ವ್ಯಾಪಾರ ಮುಗಿಯಿತು.

ಈ ಮಾತ್ರೆ ವಿಷ ಅಂತ ಹೇಳೋದಕ್ಕೆ ನಾನು ಇದನ್ನು ಬರೆಯುತ್ತಿಲ್ಲ. ವೈದ್ಯರು ಪರೀಕ್ಷೆ ಮಾಡಿ ಕೊಟ್ಟರೆ ಬಹುತೇಕ ಹೆಣ್ಣುಮಕ್ಕಳಿಗೆ ಕೆಲವು ದಿನದ ಮಟ್ಟಿಗೆ ಇದು ದೊಡ್ಡ ತೊಂದರೆ ಕೊಡುವುದಿಲ್ಲ. ಪರೀಕ್ಷೆ, ಕ್ರೀಡಾಕೂಟ, ದೂರದ ಪ್ರಯಾಣ ಅಂತ ಹೆಣ್ಣುಮಗಳೊಬ್ಬಳು ತಾನೇ ಯೋಚನೆ ಮಾಡಿ ತೆಗೆದುಕೊಂಡರೆ ಅದು ಅವಳ ಹಕ್ಕು. ನನ್ನ ಪ್ರಶ್ನೆ ಬೇರೆ. ಔಷಧ ಅಂದಮೇಲೆ ಒಂದು ಕಾಯಿಲೆ ಇರಬೇಕು. ವರಮಹಾಲಕ್ಷ್ಮಿ ಹಬ್ಬದ ದಿನ ಮುಟ್ಟಾಗುವುದು ಯಾವ ಕಾಯಿಲೆ?

ಮೊದಲು ಮಾತ್ರೆಯ ಚರಿತ್ರೆ ನೋಡೋಣ. ಹೆಚ್ಚಾಗಿ ಮಾರಾಟವಾಗುವುದು ನಾರೆಥಿಸ್ಟೆರಾನ್ ಅನ್ನುವ ಔಷಧ. ಪ್ರಿಮೋಲುಟ್-ಎನ್ ಅಂತ ಅಂಗಡಿಯಲ್ಲಿ ಕೇಳಿರುತ್ತೀರಿ, ಬೇರೆ ಹೆಸರುಗಳೂ ಇವೆ. ಇದರ ಕಥೆ ಶುರುವಾಗುವುದು ಮೆಕ್ಸಿಕೋ ದೇಶದ ಕಾಡುಗೆಣಸಿನಿಂದ. 1940ರ ದಶಕದಲ್ಲಿ ರಸೆಲ್ ಮಾರ್ಕರ್ ಅನ್ನುವ ಅಮೆರಿಕದ ರಸಾಯನ ವಿಜ್ಞಾನಿ ಅಲ್ಲಿನ ಕಾಡುಗೆಣಸಿನಲ್ಲಿರುವ ಒಂದು ವಸ್ತುವಿನಿಂದ ಪ್ರೊಜೆಸ್ಟರಾನ್ ತಯಾರಿಸುವ ದಾರಿ ಕಂಡುಹಿಡಿದ. ಪ್ರೊಜೆಸ್ಟರಾನ್ ಅಂದರೆ ಹೆಣ್ಣಿನ ದೇಹವೇ ತಯಾರಿಸಿಕೊಳ್ಳುವ ಹಾರ್ಮೋನು. ಆಗ ಅದು ಚಿನ್ನಕ್ಕಿಂತ ದುಬಾರಿ. 1944ರಲ್ಲಿ ಮೆಕ್ಸಿಕೋ ನಗರದಲ್ಲಿ ಸಿಂಟೆಕ್ಸ್ ಅನ್ನುವ ಕಂಪನಿ ಹುಟ್ಟಿತು. ಆದರೆ ಒಂದು ತೊಡಕಿತ್ತು. ಪ್ರೊಜೆಸ್ಟರಾನನ್ನು ಬಾಯಿಂದ ನುಂಗಿದರೆ ಯಕೃತ್ತು ಅದರಲ್ಲಿ ಹೆಚ್ಚಿನ ಪಾಲನ್ನು ಒಡೆದುಹಾಕಿಬಿಡುತ್ತದೆ, ಕೆಲಸ ಆಗುವುದಿಲ್ಲ. ನುಂಗಿದರೂ ಕೆಲಸ ಮಾಡುವಂಥದ್ದು ಬೇಕಿತ್ತು. 1951ರ ಅಕ್ಟೋಬರ್ 15ರಂದು ಲೂಯಿಸ್ ಮಿರಾಮೊಂಟೆಸ್ ಅನ್ನುವ 26 ವರ್ಷದ ಹುಡುಗ, ಕಾರ್ಲ್ ಜೆರಾಸಿ ಮತ್ತು ಜಾರ್ಜ್ ರೋಸೆನ್‌ಕ್ರಾನ್ಜ್ ಅವರ ಮಾರ್ಗದರ್ಶನದಲ್ಲಿ ಅದನ್ನು ತಯಾರಿಸಿದ. ಅದು ಅವನ ಡಿಗ್ರಿಯ ಪ್ರಬಂಧಕ್ಕೆ ಅಂತ ಮಾಡುತ್ತಿದ್ದ ಕೆಲಸ. ನಾನು ಓದಿದ ಇಂಜಿನಿಯರಿಂಗ್ ಬ್ಯಾಚಿನಲ್ಲಿ ಅರ್ಧ ಜನ ಫೈನಲ್ ಇಯರ್ ಪ್ರಾಜೆಕ್ಟನ್ನು ಬೆಂಗಳೂರಿನ ಎಸ್.ಪಿ. ರೋಡಿನಿಂದ ದುಡ್ಡು ಕೊಟ್ಟು ತಂದವರು. ಹಾಗಾಗಿ ಈ ಹುಡುಗನ ವಿಷಯ ಓದಿದಾಗ ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು.

ಮಾತ್ರೆ ಕೆಲಸ ಮಾಡುವ ರೀತಿ ಸುಲಭ. ಪ್ರತಿ ತಿಂಗಳು ಗರ್ಭಕೋಶದ ಒಳಗೆ ಒಂದು ಪದರ ಬೆಳೆಯುತ್ತದೆ. ಮದುವೆಮನೆ ಮುಂದೆ ಚಪ್ಪರ ಹಾಕಿದ ಹಾಗೆ ಅಂದುಕೊಳ್ಳಿ. ಚಪ್ಪರದ ಕಂಬ ಅಂದರೆ ಪ್ರೊಜೆಸ್ಟರಾನ್. ಗರ್ಭ ನಿಲ್ಲದಿದ್ದರೆ ಕಂಬ ಕೀಳುತ್ತಾರೆ, ಚಪ್ಪರ ಇಳಿಯುತ್ತದೆ. ಅದೇ ಮುಟ್ಟು. ಮಾತ್ರೆ ತೆಗೆದುಕೊಂಡರೆ ಕಂಬಗಳು ಹಾಗೇ ಇರುತ್ತವೆ. ನಿಲ್ಲಿಸಿದ ಎರಡು ಮೂರು ದಿನಕ್ಕೆ ಚಪ್ಪರ ಇಳಿಯುತ್ತದೆ. 'ಕೆಟ್ಟ ರಕ್ತ ಒಳಗೇ ಉಳಿದು ತಲೆಗೆ ಏರುತ್ತೆ' ಅಂತ ನಮ್ಮ ಹಿರಿಯ ಹೆಂಗಸರು ಹೆದರಿಸುವುದುಂಟು. ಹಾಗೇನೂ ಆಗುವುದಿಲ್ಲ. ಮುಟ್ಟಿನ ರಕ್ತ ಕೆಟ್ಟ ರಕ್ತವೂ ಅಲ್ಲ, ಅದು ಒಳಗೆ ಶೇಖರವಾಗಿ ಕೂರುವುದೂ ಇಲ್ಲ. ಹೆದರಬೇಕಾದ ವಿಷಯ ಬೇರೆ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

1957ರಲ್ಲಿ ಅಮೆರಿಕದ ಸರ್ಕಾರ ಈ ಜಾತಿಯ ಎರಡು ಮಾತ್ರೆಗಳಿಗೆ ಒಪ್ಪಿಗೆ ಕೊಟ್ಟಿತು. ನಾರೆಥಿಸ್ಟೆರಾನ್ ಇದ್ದ ನಾರ್ಲುಟಿನ್ ಒಂದು, ಎನೋವಿಡ್ ಇನ್ನೊಂದು. ಗರ್ಭನಿರೋಧಕ್ಕೆ ಅಂತಲ್ಲ, ಮುಟ್ಟಿನ ತೊಂದರೆಗಳಿಗೆ ಅಂತ. ಅತಿ ರಕ್ತಸ್ರಾವ, ತಿಂಗಳುಗಟ್ಟಲೆ ಮುಟ್ಟೇ ಆಗದಿರುವುದು, ಗರ್ಭಕೋಶದ ಪದರ ಹೊರಗೆ ಬೆಳೆದು ನರಳಿಸುವ ಎಂಡೊಮೆಟ್ರಿಯೋಸಿಸ್. ಇವು ನಿಜವಾದ ಕಾಯಿಲೆಗಳು. ಇವತ್ತಿಗೂ ಈ ಮಾತ್ರೆ ಎಷ್ಟೋ ಹೆಣ್ಣುಮಕ್ಕಳ ರಕ್ತಹೀನತೆ ತಪ್ಪಿಸಿದೆ. 1960ರಲ್ಲಿ ಎನೋವಿಡ್‌ಗೆ ಗರ್ಭನಿರೋಧಕ ಅಂತಲೇ ಪರವಾನಗಿ ಸಿಕ್ಕಿತು. ಪಶ್ಚಿಮದ ಹೆಂಗಸರು ಈ ಮಾತ್ರೆ ಹಿಡಿದು ಎಷ್ಟು ಮಕ್ಕಳು, ಯಾವಾಗ ಅನ್ನುವುದನ್ನು ತಮ್ಮ ಕೈಗೆ ತೆಗೆದುಕೊಂಡರು. ನಮ್ಮಲ್ಲಿ ಅದೇ ಮಾತ್ರೆ ದೇವರಮನೆಯ ಹೊಸ್ತಿಲ ಹತ್ತಿರ ಬಂದು ನಿಂತಿತು. ಔಷಧ ಹೊಸದು, ನಾವು ಕೇಳಿದ ಪ್ರಶ್ನೆ ಬಹಳ ಹಳೆಯದು.

ಎಷ್ಟು ಹಳೆಯದು? ತೈತ್ತಿರೀಯ ಸಂಹಿತೆಯಲ್ಲಿ ಒಂದು ಕಥೆ ಇದೆ. ಇಂದ್ರ ವಿಶ್ವರೂಪನನ್ನು ಕೊಂದ. ಬ್ರಹ್ಮಹತ್ಯೆಯ ಪಾಪ ಮೆತ್ತಿಕೊಂಡಿತು. ಅದನ್ನು ಹಂಚಿದ. ಒಂದು ಪಾಲು ಭೂಮಿಗೆ, ಒಂದು ಪಾಲು ಮರಗಳಿಗೆ, ಇನ್ನೊಂದು ಪಾಲು ಹೆಂಗಸರಿಗೆ. ಹೆಂಗಸರ ಪಾಲೇ ಮುಟ್ಟಾಯಿತಂತೆ. ಕೊಂದವನು ಇಂದ್ರ, ದೂರ ಕೂರಬೇಕಾದವಳು ಹೆಂಗಸು. ಇದರ ಜೊತೆಗೆ ಮೂರು ದಿನ ಯಾರನ್ನೂ ಮುಟ್ಟಬಾರದು, ನಾಲ್ಕನೇ ದಿನ ತಲೆಗೆ ನೀರು ಹಾಕಿಕೊಳ್ಳಬೇಕು ಅನ್ನುವ ನಿಯಮ ಬಂತು. ಗಣೇಶನ ಹಬ್ಬದ ಮಾರನೇ ದಿನ ಋಷಿಪಂಚಮಿ ವ್ರತ ಮಾಡುತ್ತಾರಲ್ಲ, ಅದು ಯಾಕೆ ಅಂತ ಗೊತ್ತಾ? ಮುಟ್ಟಿನ ದಿನಗಳಲ್ಲಿ ತಿಳಿದೋ ತಿಳಿಯದೆಯೋ ಮುಟ್ಟಿದ ದೋಷ ಕಳೆಯಲು. ಆ ದಿನಗಳಲ್ಲಿ ಅಡುಗೆಮನೆ ಮುಟ್ಟಿದ ತಪ್ಪಿಗೆ ಮುಂದಿನ ಜನ್ಮದಲ್ಲಿ ನಾಯಿಯಾಗಿ ಹುಟ್ಟಿದ ಹೆಂಗಸಿನ ಕಥೆ ಆ ವ್ರತದಲ್ಲಿ ಓದುತ್ತಾರೆ. ನಮ್ಮ ಭಾಷೆಯನ್ನೇ ನೋಡಿ. ಹೆಸರು 'ಮುಟ್ಟು', ಆದರೆ ಅರ್ಥ ಮುಟ್ಟಬೇಡ ಅಂತ. 'ಹೊರಗಾಗಿದ್ದಾಳೆ' ಅನ್ನುತ್ತೇವೆ. ಮನೆ ಒಳಗೇ ಇದ್ದರೂ ಅವಳು ಹೊರಗೆ.

'ಅದು ವಿಶ್ರಾಂತಿಗೆ ಅಂತ ಹಿರಿಯರು ಮಾಡಿದ್ದು' ಅನ್ನುವ ಮಾತು ಸ್ಟುಡಿಯೋ ಚರ್ಚೆಗಳಲ್ಲಿ ಪ್ರತಿ ಸಲ ಬರುತ್ತದೆ. ಹತ್ತು ಜನರ ಒಟ್ಟು ಕುಟುಂಬದಲ್ಲಿ ಬೆಳಗಿನಿಂದ ರಾತ್ರಿವರೆಗೆ ಒಲೆ ಮುಂದೆ ಬೇಯುವ ಸೊಸೆಗೆ ಆ ಮೂರು ದಿನ ನಿಜವಾಗಿ ಉಸಿರು ಬಿಡಲು ಸಿಕ್ಕಿರಬಹುದು, ನಾನು ಅದನ್ನು ತೆಗೆದುಹಾಕುವುದಿಲ್ಲ. ಆದರೆ ವಿಶ್ರಾಂತಿಯೇ ಉದ್ದೇಶ ಆಗಿದ್ದರೆ ಅವಳಿಗೆ ಒಳ್ಳೆಯ ಹಾಸಿಗೆ ಕೊಡಬೇಕಿತ್ತು. ಕೊಟ್ಟಿದ್ದು ಮೂಲೆಯಲ್ಲಿ ಒಂದು ಚಾಪೆ, ಒಂದು ತಟ್ಟೆ, ಒಂದು ಲೋಟ.

ಅರಸೀಕೆರೆಯಿಂದ ತಿಪಟೂರು, ಚಿಕ್ಕನಾಯಕನಹಳ್ಳಿ, ಹೊಸದುರ್ಗ, ಕಡೂರು ಹೀಗೆ ಯಾವ ಕಡೆ ಹೋದರೂ ಕಾಡುಗೊಲ್ಲರ ಹಟ್ಟಿಗಳು ಸಿಗುತ್ತವೆ. ಜುಂಜಪ್ಪ, ಎತ್ತಪ್ಪನ ಪದ ಹಾಡುವ, ದನ ಕುರಿ ಸಾಕಿ ಬದುಕಿದ ಜನ. ಇಲ್ಲಿ ಮುಟ್ಟಾದವಳು ಮನೆಯ ಮೂಲೆಯಲ್ಲಿ ಕೂರುವುದಲ್ಲ, ಹಟ್ಟಿಯಿಂದಲೇ ಹೊರಗೆ ಹೋಗಬೇಕು. ಬಾಣಂತಿಯೂ ಅಷ್ಟೇ. 1909ರಲ್ಲಿ ಬಂದ ಎಡ್ಗರ್ ಥರ್ಸ್ಟನ್‌ನ ಜಾತಿ ಬುಡಕಟ್ಟುಗಳ ಸಂಪುಟಗಳಲ್ಲಿ ಮೈಸೂರು ಸೀಮೆಯ ಕಾಡುಗೊಲ್ಲರ ಬಾಣಂತಿ ಗುಡಿಸಲಿನ ಪ್ರಸ್ತಾಪ ಇದೆ. ತೀ.ನಂ. ಶಂಕರನಾರಾಯಣ ಅವರು ಕಾಡುಗೊಲ್ಲರ ಸಂಪ್ರದಾಯ, ನಂಬಿಕೆಗಳ ಬಗ್ಗೆ ದೊಡ್ಡ ಅಧ್ಯಯನವನ್ನೇ ಮಾಡಿದ್ದಾರೆ. ಹಾಗಾಗಿ ಇದು ಯಾರಿಗೂ ಗೊತ್ತಿಲ್ಲದ ಗುಟ್ಟೇನಲ್ಲ. ನೂರು ವರ್ಷದಿಂದ ಪುಸ್ತಕದಲ್ಲಿದೆ.

ಸರ್ಕಾರ ಎರಡು ಕೆಲಸ ಮಾಡಿತು. ಒಂದು, ಹಟ್ಟಿಗಳ ಪಕ್ಕ ಹೆಂಗಸರು ಆ ದಿನಗಳಲ್ಲಿ ಉಳಿಯಲು 'ಕೃಷ್ಣ ಕುಟೀರ' ಅಂತ ಕಟ್ಟಡ ಕಟ್ಟಿಸಿತು. ಗುಡಿಸಲಿಗಿಂತ ಆರ್‌ಸಿಸಿ ಸೂರು ಮೇಲು, ನಿಜ. ಆದರೆ ಹೊರಗೆ ಹಾಕುವ ಪದ್ಧತಿಗೆ ಸರ್ಕಾರವೇ ಕಾಂಕ್ರೀಟ್ ಹಾಕಿಕೊಟ್ಟ ಹಾಗೂ ಆಯಿತು. ಎರಡನೆಯದು 2017ರ ಮೌಢ್ಯ ನಿಷೇಧ ಕಾಯ್ದೆ. ಮುಟ್ಟಾದವರನ್ನು, ಬಾಣಂತಿಯರನ್ನು ಬಲವಂತವಾಗಿ ಊರಿನಿಂದ ಹೊರಗಿಡುವುದು ಅಪರಾಧ ಅಂತ ಅದರಲ್ಲಿ ಬರೆಯಲಾಯಿತು. 2020ರ ಜನವರಿಯಲ್ಲಿ ಜಾರಿಗೂ ಬಂತು. 2023ರ ಜುಲೈನಲ್ಲಿ ತುಮಕೂರು ತಾಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯ ಹೊರಗೆ, ಮಳೆಗಾಲದ ಗುಡಿಸಲಿನಲ್ಲಿ ಬಾಣಂತಿಯ ಜೊತೆ ಇದ್ದ ಹಸುಗೂಸು ಶೀತಕ್ಕೆ ಸಿಕ್ಕಿ ತೀರಿಕೊಂಡಿತು. ಆಮೇಲೆ ನ್ಯಾಯಾಧೀಶರು ಹಟ್ಟಿಗೆ ಬಂದರು, ಅಧಿಕಾರಿಗಳು ಬಂದರು, ನಮ್ಮ ಕ್ಯಾಮೆರಾಗಳೂ ಬಂದವು.

ಹಟ್ಟಿಯ ಸುದ್ದಿ ನೋಡಿ ಪೇಟೆಯ ನಾವು 'ಅಯ್ಯೋ, ಈ ಕಾಲದಲ್ಲೂ ಹೀಗಾ' ಅನ್ನುತ್ತೇವೆ. ಹಾಗೆ ಅನ್ನುವ ಮನೆಯ ಫ್ರಿಡ್ಜ್ ಮೇಲೆ ಅದೇ ವಾರ ಮಾತ್ರೆಯ ಕವರ್ ಇರುತ್ತದೆ. ಗುಡಿಸಲಿಗೂ ಮಾತ್ರೆಗೂ ಪ್ರಶ್ನೆ ಒಂದೇ, ಉತ್ತರ ಬೇರೆ. ಅಲ್ಲಿ ಹೆಂಗಸು ಹೊರಗೆ ಹೋಗುತ್ತಾಳೆ, ಇಲ್ಲಿ ಮುಟ್ಟನ್ನು ಹೊರಗಿಡುತ್ತೇವೆ. ಮುಟ್ಟಾದ ಹೆಂಗಸು ದೇವರ ಮುಂದೆ ನಿಲ್ಲಬಾರದು ಅನ್ನುವುದನ್ನು ಮಾತ್ರ ಇಬ್ಬರೂ ಮುಟ್ಟಿಲ್ಲ. ಇಂಜಿನಿಯರಿಂಗ್ ಭಾಷೆಯಲ್ಲಿ ಹೇಳುವುದಾದರೆ, ಫ್ಯೂಸ್ ಪದೇ ಪದೇ ಹೋಗ್ತಿದ್ದರೆ ಲೈನಿನಲ್ಲಿ ತಪ್ಪು ಎಲ್ಲಿದೆ ಅಂತ ಹುಡುಕಬೇಕು. ನಾವು ದಪ್ಪ ತಂತಿ ಸುತ್ತಿ ಕೂರಿಸುತ್ತೇವೆ. ಲೈಟ್ ಉರಿಯುತ್ತೆ, ಗೋಡೆ ಒಳಗೆ ವೈರು ಬಿಸಿಯಾಗ್ತಾ ಇರುತ್ತೆ.

ಈಗ ಹಳೇಬೀಡಿಗೆ ಬನ್ನಿ. ಬೇಲೂರಿನಿಂದ ಬರೀ 16 ಕಿಲೋಮೀಟರ್. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಯುನೆಸ್ಕೋ ಪಟ್ಟಿ ಸೇರಿದ ಮೇಲೆ ಅಲ್ಲಿಗೆ ಹೋದವರೆಲ್ಲ ಕಲ್ಲಿನ ಫೋಟೋ ತೆಗೆದುಕೊಂಡು ಬರುತ್ತಾರೆ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಚೆನ್ನಕೇಶವನ ಗುಡಿಯ ಮದನಿಕೆಯರು 900 ವರ್ಷದಿಂದ ಗರ್ಭಗುಡಿಗೆ ಅಷ್ಟು ಹತ್ತಿರ ನಿಂತಿದ್ದಾರೆ, ತಿಂಗಳಿಗೆ ಮೂರು ದಿನ ಇಳಿದು ಹೋಗಿ ಅಂತ ಅವರಿಗೆ ಯಾರೂ ಹೇಳಿಲ್ಲ. ಪಕ್ಕದ ಕಪ್ಪೆ ಚೆನ್ನಿಗರಾಯನ ಗುಡಿ ಕಟ್ಟಿಸಿದ್ದು ರಾಣಿ ಶಾಂತಲೆ. ಹೆಂಗಸು ಗುಡಿ ಕಟ್ಟಿಸಬಹುದಿತ್ತು, ಇರಲಿ.

ನಾನು ಹೇಳಬೇಕು ಅಂದುಕೊಂಡಿದ್ದು ಕಲ್ಲಿನ ವಿಷಯ ಅಲ್ಲ. ಹಳೇಬೀಡು ಆಗ ದೋರಸಮುದ್ರ, ಹೊಯ್ಸಳರ ರಾಜಧಾನಿ. ಅಲ್ಲಿನ ಆಸ್ಥಾನದಲ್ಲಿ ಲೆಕ್ಕ ಬರೆಯುವ ಕರಣಿಕನಾಗಿ ಒಬ್ಬ ಕವಿ ಇದ್ದ ಅಂತ ಪರಂಪರೆ ಹೇಳುತ್ತದೆ. ಹರಿಹರ. ಅರಸನ ಲೆಕ್ಕ ಬಿಟ್ಟು ಹಂಪೆಗೆ ಹೋದ, ಶಿವಭಕ್ತರ ಮೇಲೆ ರಗಳೆಗಳನ್ನು ಬರೆದ. ಬಸವಣ್ಣನ ಮೇಲೆ ಬರೆದ, ಮಹಾದೇವಿಯಕ್ಕನ ಮೇಲೆ ಬರೆದ. ಅಂದರೆ ಕಲ್ಯಾಣದ ಶರಣರ ಮಾತು ಈ ಸೀಮೆಗೆ ಹೊಸದಲ್ಲ, ಆಗಿನಿಂದಲೂ ಗೊತ್ತಿತ್ತು.

ಆ ಶರಣರು ಏನು ಹೇಳಿದ್ದರು? ಐದು ಸೂತಕ ಇಲ್ಲ ಅಂತ. ಜನನ ಸೂತಕ, ಮರಣ ಸೂತಕ, ಜಾತಿ ಸೂತಕ, ಎಂಜಲ ಸೂತಕ, ರಜಸ್ಸೂತಕ. ಕೊನೆಯದು ಮುಟ್ಟು. ಇದು ಬರೀ ಉದಾರ ಮಾತಲ್ಲ, ಇದರ ಹಿಂದೆ ಗಟ್ಟಿ ತರ್ಕ ಇದೆ. ದೇವರು ಗುಡಿಯಲ್ಲಿದ್ದರೆ ಹೆಂಗಸನ್ನು ಗುಡಿಯಿಂದ ದೂರ ಇಡಬಹುದು. ಶರಣರು ಇಷ್ಟಲಿಂಗವನ್ನು ಕೊರಳಿಗೇ ಕಟ್ಟಿದರು. ಗಂಡಸಿಗೆ ಮಾತ್ರ ಅಲ್ಲ, ಹೆಂಗಸಿಗೂ ಕಟ್ಟಿದರು. ಈಗ ಮುಟ್ಟಾದವಳನ್ನು ದೇವರಿಂದ ದೂರ ಮಾಡುವುದು ಹೇಗೆ? ಲಿಂಗವನ್ನು ಮೈಯಿಂದ ತೆಗೆಯುವ ಹಾಗಿಲ್ಲ, ಪೂಜೆ ಒಂದು ದಿನವೂ ತಪ್ಪಿಸುವ ಹಾಗಿಲ್ಲ. ಹಾಗಾಗಿ ಸೂತಕವೇ ಹೋಗಬೇಕಾಯಿತು. ಫ್ಯೂಸಿಗೆ ತಂತಿ ಸುತ್ತದೆ ಲೈನನ್ನೇ ಸರಿಮಾಡಿದ ಕೆಲಸ ಅಂದರೆ ಇದು. 12ನೇ ಶತಮಾನದಲ್ಲಿ.

ಅರಸೀಕೆರೆ ತಾಲೂಕಿನಲ್ಲಿ ಲಿಂಗಾಯತರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ನನಗೆ ಗೊತ್ತಿರುವ ಒಂದು ಮನೆಯ ಅಜ್ಜಿ, ಎಂಬತ್ತು ದಾಟಿದವರು, ಪ್ರಾಯದಲ್ಲಿ ಮುಟ್ಟಿನ ದಿನವೂ ಸ್ನಾನ ಮಾಡಿ ಲಿಂಗಪೂಜೆ ಮಾಡಿಕೊಂಡೇ ನೀರು ಕುಡಿಯುತ್ತಿದ್ದರಂತೆ. ಅದೇ ಮನೆಯ ಮೊಮ್ಮಗಳು, ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿರುವವಳು, ಗೌರಿ ಹಬ್ಬಕ್ಕೆ ಬರುವಾಗ ಮಾತ್ರೆ ತೆಗೆದುಕೊಂಡೇ ಬರುತ್ತಾಳೆ. ಯಾಕವ್ವ ಅಂತ ಅಜ್ಜಿ ಕೇಳಿದರೆ, 'ಎಲ್ಲರೂ ಹಂಗೇ ಮಾಡ್ತಾರೆ ಅಜ್ಜಿ, ಸುಮ್ನೆ ಯಾಕೆ ರಿಸ್ಕು' ಅಂದಳಂತೆ. ರಿಸ್ಕ್ ಅಂದರೆ ಅವಳ ಲೆಕ್ಕದಲ್ಲಿ ಹಬ್ಬದ ದಿನ ಮುಟ್ಟಾಗುವುದು. ಮಾತ್ರೆ ಆ ಲೆಕ್ಕಕ್ಕೇ ಬಂದಿರಲಿಲ್ಲ.

ಈ ಮಾತ್ರೆ ಈಗ ಇಷ್ಟು ಹೆಚ್ಚಾಗಲು ಇನ್ನೊಂದು ಕಾರಣ ಇದೆ. ಮೊದಲು ಮದುವೆಗೆ ಮುಹೂರ್ತ ಇಡುವಾಗ ಹುಡುಗಿಯ ತಾಯಿಯನ್ನು ಪಕ್ಕಕ್ಕೆ ಕರೆದು ತಾರೀಖು ಕೇಳುತ್ತಿದ್ದರು. ಪುರೋಹಿತರು ಅದನ್ನು ಲೆಕ್ಕ ಹಾಕಿಯೇ ದಿನ ಹೇಳುತ್ತಿದ್ದರು. ಹೆಣ್ಣಿನ ತಿಂಗಳು ನೋಡಿ ಮುಹೂರ್ತ ಸರಿಯುತ್ತಿತ್ತು. ಈಗ ಆರು ತಿಂಗಳು ಮೊದಲೇ ಛತ್ರ ಬುಕ್, ಅಡುಗೆಯವರಿಗೆ ಅಡ್ವಾನ್ಸ್, ಫೋಟೋದವರಿಗೆ ಅಡ್ವಾನ್ಸ್. ಛತ್ರದ ತಾರೀಖು ಸರಿಯುವುದಿಲ್ಲ, ಹಾಗಾಗಿ ಹೆಣ್ಣಿನ ತಾರೀಖು ಸರಿಯಬೇಕು. ತಿರುಪತಿ ದರ್ಶನದ ಟಿಕೆಟ್ ಆನ್‌ಲೈನಿನಲ್ಲಿ ಮೊದಲೇ ತೆಗೆದಿರುತ್ತಾರೆ. ಟೆಂಪೋ ಟ್ರಾವೆಲರ್ ಮಾಡಿಕೊಂಡು ಬೇಲೂರು ನೋಡಿ, ಹೊರನಾಡು, ಶೃಂಗೇರಿ, ಧರ್ಮಸ್ಥಳ, ಕುಕ್ಕೆ ಅಂತ ಹೊರಡುವ ಗುಂಪಿನಲ್ಲಿ ಹದಿನೈದು ಜನರಲ್ಲಿ ಎಂಟು ಹೆಂಗಸರು. ಎಂಟೂ ಜನರ ತಾರೀಖು ಹೊಂದುವ ವಾರ ಪಂಚಾಂಗದಲ್ಲಿ ಎಲ್ಲಿ ಸಿಗಬೇಕು? ನಾನು ಇಂಜಿನಿಯರಿಂಗ್ ಓದುವಾಗ ಹಾಸ್ಟೆಲ್‌ನಿಂದ ಹೊರಟ ಇಂಥದ್ದೇ ಒಂದು ಟ್ರಿಪ್ಪಿಗೆ ಒಬ್ಬಳು ತಂದ ಶೀಟನ್ನು ನಾಲ್ಕು ಜನ ಹಂಚಿಕೊಂಡಿದ್ದರು, ಚಾಕೊಲೇಟ್ ಹಂಚಿದ ಹಾಗೆ. ಥರ್ಮೋಡೈನಾಮಿಕ್ಸ್ ಪಾಸಾದ ಹುಡುಗಿಯರು.

ಇದಕ್ಕಿಂತ ಕಷ್ಟದ್ದು ಅಯ್ಯಪ್ಪನ ಮಾಲೆ. ಗಂಡ 41 ದಿನ, 48 ದಿನ ವ್ರತ ಹಿಡಿದರೆ ಮನೆಯ ಹೆಂಗಸು ಆ ನಡುವೆ ಮುಟ್ಟಾಗೇ ಆಗುತ್ತಾಳೆ. ತವರಿಗೆ ಹೋಗುವವರಿದ್ದಾರೆ, ಪಕ್ಕದ ಮನೆಯಲ್ಲಿ ಮಲಗುವವರಿದ್ದಾರೆ, ಅದಾಗದವರು ಮಾತ್ರೆಗೆ ಕೈ ಹಾಕುತ್ತಾರೆ. 2018ರ ಸೆಪ್ಟೆಂಬರ್ 28ರಂದು ಸುಪ್ರೀಂ ಕೋರ್ಟು ಶಬರಿಮಲೆ ತೀರ್ಪು ಕೊಟ್ಟಾಗ ಬೆಟ್ಟ ಹತ್ತುವ ಹೆಂಗಸರ ಬಗ್ಗೆ ತಿಂಗಳುಗಟ್ಟಲೆ ಚರ್ಚೆ ನಡೆಯಿತು. ಬೆಟ್ಟದ ಕೆಳಗೆ, ಮನೆಯಲ್ಲಿ, ಗಂಡನ ವ್ರತಕ್ಕೆ ಮಾತ್ರೆ ನುಂಗುವ ಹೆಂಗಸಿನ ಬಗ್ಗೆ ಯಾವ ಪ್ಯಾನೆಲ್ಲೂ ಕೂರಲಿಲ್ಲ.

ದುಡಿಮೆಗೂ ಇದೇ ಗತಿ. ಮಹಾರಾಷ್ಟ್ರದ ಬೀಡ್ ಜಿಲ್ಲೆಯಿಂದ ಕಬ್ಬು ಕಡಿಯಲು ನಮ್ಮ ಉತ್ತರ ಕರ್ನಾಟಕದ ಕಾರ್ಖಾನೆಗಳ ಕಡೆಗೂ ಬರುವ ಹೆಂಗಸರಲ್ಲಿ ಬಹಳ ಮಂದಿ ಸಣ್ಣ ವಯಸ್ಸಿಗೇ ಗರ್ಭಕೋಶ ತೆಗೆಸಿಕೊಂಡಿದ್ದಾರೆ ಅನ್ನುವುದು 2019ರಲ್ಲಿ ದೊಡ್ಡ ಸುದ್ದಿಯಾಯಿತು. ರಜೆ ಹಾಕಿದರೆ ಕೂಲಿ ಹಿಡಿಯುತ್ತಾರೆ ಅಂತ. ಅದಕ್ಕೆ ಹೋಲಿಸಿದರೆ 2025ರ ಅಕ್ಟೋಬರ್‌ನಲ್ಲಿ ನಮ್ಮ ರಾಜ್ಯದ ಸಂಪುಟ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ ಸಂಬಳ ಸಹಿತ ಮುಟ್ಟಿನ ರಜೆಗೆ ಒಪ್ಪಿದ್ದು ಒಳ್ಳೆಯ ಹೆಜ್ಜೆ. ಆಫೀಸು, ಕಾರ್ಖಾನೆಗೆ ಅದು ಸರಿ. ದೇವರಮನೆಗೆ ಸರ್ಕಾರಿ ಆದೇಶ ತಲುಪುವುದಿಲ್ಲ.

ಹೆದರಬೇಕಾದ ವಿಷಯ ಬೇರೆ ಇದೆ ಅಂದೆನಲ್ಲ, ಅದು ರಕ್ತ ಹೆಪ್ಪುಗಟ್ಟುವುದು. 1961ರಲ್ಲಿ ಇಂಗ್ಲೆಂಡಿನ ಹಳ್ಳಿಗಾಡಿನ ವೈದ್ಯ ಡಾ. ಜೋರ್ಡನ್ ಲ್ಯಾನ್ಸೆಟ್ ಪತ್ರಿಕೆಗೆ ಒಂದು ಸಣ್ಣ ಪತ್ರ ಬರೆದ. ಎಂಡೊಮೆಟ್ರಿಯೋಸಿಸ್‌ಗೆ ಅಂತ ಎನೋವಿಡ್ ತೆಗೆದುಕೊಂಡ ಒಬ್ಬ ನರ್ಸ್‌ಗೆ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಅಲ್ಲಿಂದ ಪ್ರಶ್ನೆ ಎದ್ದಿತು. 1969ರಲ್ಲಿ ಬಾರ್ಬರಾ ಸೀಮನ್ ಅನ್ನುವ ಪತ್ರಕರ್ತೆ ಇದರ ಮೇಲೆ ಪುಸ್ತಕವನ್ನೇ ಬರೆದರು. 1970ರಲ್ಲಿ ಅಮೆರಿಕದ ಸೆನೆಟ್ ವಿಚಾರಣೆ ನಡೆಸಿತು. ಅಲ್ಲಿ ಮಾತಾಡಿದ ತಜ್ಞರಲ್ಲಿ ಬಹುತೇಕ ಎಲ್ಲರೂ ಗಂಡಸರೇ. ಮಾತ್ರೆ ನುಂಗುವ ಹೆಂಗಸರನ್ನು ಯಾಕೆ ಕೇಳಿಲ್ಲ ಅಂತ ಯುವತಿಯರು ಸಭೆಯ ಮಧ್ಯೆಯೇ ಎದ್ದು ನಿಂತರು. ಆ ಗಲಾಟೆಯ ಫಲವಾಗಿ ಗರ್ಭನಿರೋಧಕ ಮಾತ್ರೆಯ ಜೊತೆ, ಅಡ್ಡ ಪರಿಣಾಮ ಏನು ಅಂತ ಬಳಸುವವರಿಗೇ ತಿಳಿಸುವ ಚೀಟಿ ಇಡಬೇಕು ಅನ್ನುವ ನಿಯಮ ಬಂತು. ಜಗಳ ಮಾಡಿ ಗೆದ್ದ ಒಂದು ಕಾಗದದ ಚೂರು ಅದು. ನಮ್ಮ ಮೆಡಿಕಲ್ ಶಾಪಿನ ಕತ್ತರಿ ಅದನ್ನು ಪೆಟ್ಟಿಗೆಯಲ್ಲೇ ಉಳಿಸಿ ಬರೀ ಮಾತ್ರೆ ಕೊಡುತ್ತದೆ. ಕೆಲವು ಸಲ ಎಕ್ಸ್‌ಪೈರಿ ತಾರೀಖು ಇರುವ ತುದಿಯೂ ಅಲ್ಲೇ ಉಳಿಯುತ್ತದೆ.

ನಮ್ಮ ದೇಶದಲ್ಲೂ ಇಂಥ ಜಗಳ ಆಗಿದೆ. ಇದೇ ನಾರೆಥಿಸ್ಟೆರಾನ್‌ನ ಇಂಜೆಕ್ಷನ್ ರೂಪವನ್ನು 1985ರಲ್ಲಿ ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನಲ್ಲಿ ಗರ್ಭನಿರೋಧಕ್ಕೆ ಅಂತ ಪ್ರಯೋಗ ಮಾಡಲು ಹೊರಟಾಗ, ಇದು ಪ್ರಯೋಗ ಅಂತ ಆ ಹೆಂಗಸರಿಗೇ ಸರಿಯಾಗಿ ಹೇಳಿಲ್ಲ ಅಂತ ಸ್ತ್ರೀ ಶಕ್ತಿ ಸಂಘಟನೆಯವರು ತಡೆದರು. 1986ರಲ್ಲಿ ಸುಪ್ರೀಂ ಕೋರ್ಟಿಗೂ ಹೋದರು.

ಲೆಕ್ಕ ನೋಡಿ. ದಿನಕ್ಕೆ ಮೂರು ಅಂದರೆ 15 ಮಿಲಿಗ್ರಾಂ. ಇದೇ ಔಷಧ ಇರುವ ಗರ್ಭನಿರೋಧಕ ಮಿನಿ ಪಿಲ್‌ನಲ್ಲಿ ದಿನಕ್ಕೆ 0.35 ಮಿಲಿಗ್ರಾಂ. ಸುಮಾರು 43 ಪಟ್ಟು. ಇಷ್ಟು ದೊಡ್ಡ ಡೋಸಿನಲ್ಲಿ ನಾರೆಥಿಸ್ಟೆರಾನಿನ ಒಂದು ಸಣ್ಣ ಪಾಲು ದೇಹದ ಒಳಗೆ ಈಸ್ಟ್ರೋಜನ್ ಆಗಿ ಬದಲಾಗುತ್ತದೆ. ದಿನಕ್ಕೆ 10ರಿಂದ 20 ಮಿಲಿಗ್ರಾಂ ತೆಗೆದುಕೊಂಡರೆ, 20ರಿಂದ 30 ಮೈಕ್ರೋಗ್ರಾಂ ಈಸ್ಟ್ರೋಜನ್ ಇರುವ ಮಾತ್ರೆ ನುಂಗಿದ್ದಕ್ಕೆ ಸಮ ಅಂತ ತಜ್ಞರ ಅಂದಾಜು. ರಕ್ತ ಹೆಪ್ಪುಗಟ್ಟಿಸುವುದರಲ್ಲಿ ಈಸ್ಟ್ರೋಜನ್ ಪಾತ್ರ ದೊಡ್ಡದು. ಯುರೋಪಿನ ಔಷಧ ಸಂಸ್ಥೆಯ ಅಂದಾಜಿನಲ್ಲಿ ಹಾರ್ಮೋನು ಮಾತ್ರೆ ತೆಗೆದುಕೊಳ್ಳದ 10,000 ಹೆಂಗಸರಲ್ಲಿ ವರ್ಷಕ್ಕೆ ಸುಮಾರು 2 ಮಂದಿಗೆ ಹೀಗಾಗುತ್ತದೆ, ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಲ್ಲಿ 5ರಿಂದ 12. ಸಂಖ್ಯೆ ಚಿಕ್ಕದು, ಗಾಬರಿ ಬೇಡ. ಆದರೆ ಆ ಚಿಕ್ಕ ಸಂಖ್ಯೆಯಲ್ಲಿ ಯಾರು ಬರಬಹುದು ಅಂತ ಮೊದಲೇ ಊಹಿಸಲು ವೈದ್ಯರಿಗೆ ಸಾಧ್ಯ ಇದೆ, ಕತ್ತರಿಗೆ ಇಲ್ಲ.

2025ರ ಆಗಸ್ಟ್‌ನಲ್ಲಿ ರಕ್ತನಾಳ ತಜ್ಞರೊಬ್ಬರು ಪಾಡ್‌ಕಾಸ್ಟ್ ಒಂದರಲ್ಲಿ ಹೇಳಿದ ಪ್ರಸಂಗ ಎಲ್ಲ ಚಾನೆಲ್‌ಗಳಲ್ಲೂ ಓಡಿತು. 18 ವರ್ಷದ ಹುಡುಗಿ, ಮನೆಯಲ್ಲಿ ಪೂಜೆ ಅಂತ ಮೂರು ದಿನ ಹಾರ್ಮೋನು ಮಾತ್ರೆ ತೆಗೆದುಕೊಂಡಿದ್ದಳು. ಕಾಲು, ತೊಡೆ ಊದಿ ನೋವು ಅಂತ ಬಂದಳು. ಸ್ಕ್ಯಾನ್ ಮಾಡಿದರೆ ಹೆಪ್ಪು ಹೊಕ್ಕುಳ ಮಟ್ಟದವರೆಗೆ ಏರಿತ್ತಂತೆ. ತಕ್ಷಣ ಅಡ್ಮಿಟ್ ಮಾಡಿ ಅಂದರು. ಬೆಳಗ್ಗೆ ತಾಯಿ ಬಂದ ಮೇಲೆ ಮಾಡಿಸ್ತೀವಿ ಅಂತ ಮನೆಯವರು ಕರೆದುಕೊಂಡು ಹೋದರು. ರಾತ್ರಿಯೇ ಉಸಿರು ಕಟ್ಟಿತು, ಹುಡುಗಿ ಉಳಿಯಲಿಲ್ಲ. ಇದು ಒಬ್ಬ ವೈದ್ಯರು ಹೇಳಿದ ಒಂದು ಪ್ರಸಂಗ, ಇದರಿಂದ ಅಂಕಿ ಅಂಶ ಮಾಡಲು ಬರುವುದಿಲ್ಲ. ಅವಳ ರಕ್ತದಲ್ಲೇ ಹೆಪ್ಪುಗಟ್ಟುವ ಸ್ವಭಾವ ಇದ್ದಿರಲೂಬಹುದು. ಅದಕ್ಕೇ ಅಲ್ಲವೇ ಕೇಳಿ ಕೊಡಬೇಕು ಅನ್ನುವುದು?

ಏನು ಕೇಳಬೇಕು? ನಿಮಗೆ ಅಥವಾ ಮನೆಯಲ್ಲಿ ಅಪ್ಪ ಅಮ್ಮ ಅಕ್ಕ ತಂಗಿಯರಿಗೆ ಹಿಂದೆ ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ್ದು ಉಂಟಾ? ಯಕೃತ್ತಿನ ಕಾಯಿಲೆ, ಸ್ತನ ಕ್ಯಾನ್ಸರ್ ಆಗಿತ್ತಾ? ಕಣ್ಣು ಮುಂದೆ ಮಿಂಚು ಬಂದ ಹಾಗಾಗಿ ಬರುವ ಮೈಗ್ರೇನ್ ಇದೆಯಾ? ಕಾರಣ ಗೊತ್ತಿಲ್ಲದ ರಕ್ತಸ್ರಾವ? ತೂಕ ಜಾಸ್ತಿ ಇದೆಯಾ, ಸಿಗರೇಟು ಸೇದುತ್ತೀರಾ, ಇತ್ತೀಚೆಗೆ ಆಪರೇಷನ್ ಆಗಿದೆಯಾ? ಫಿಟ್ಸ್‌ಗೋ ಟಿ.ಬಿ.ಗೋ ಮಾತ್ರೆ ನಡೆಯುತ್ತಿದೆಯಾ? ಅವುಗಳಲ್ಲಿ ಕೆಲವು ಈ ಮಾತ್ರೆಯ ಕೆಲಸ ಕೆಡಿಸುತ್ತವೆ. ಗರ್ಭಿಣಿ ಅಲ್ಲ ಅಂತ ಖಾತ್ರಿ ಇದೆಯಾ? ಈ ಕೊನೆಯದು ಮುಖ್ಯ. ಡೇಟ್ ಮುಂದೆ ಹೋಗಲು ಹೀಗೆ ತೆಗೆದುಕೊಂಡ ಮಾತ್ರೆಯನ್ನು ಗರ್ಭನಿರೋಧಕ ಅಂತ ನಂಬುವ ಹಾಗಿಲ್ಲ. ಎಷ್ಟೋ ಜನ ಹಾಗೇ ಅಂದುಕೊಂಡಿದ್ದಾರೆ. ನಿಲ್ಲಿಸಿದ ಮೇಲೂ ಮುಟ್ಟು ಬರದಿದ್ದರೆ 'ಮಾತ್ರೆಯ ಪ್ರಭಾವ' ಅಂತ ಸುಮ್ಮನಿರದೆ ಪರೀಕ್ಷೆ ಮಾಡಿಸಬೇಕು.

ಮುಟ್ಟು ಬರಬೇಕಾದ ಮೂರು ದಿನ ಮುಂಚೆ ಶುರು ಮಾಡಬೇಕು ಅನ್ನುವುದು ಇದರ ಪದ್ಧತಿ. ಹಬ್ಬದ ಹಿಂದಿನ ರಾತ್ರಿ ನೆನಪಾಗಿ ಎರಡೆರಡು ನುಂಗಿದರೆ ಮುಟ್ಟೂ ನಿಲ್ಲುವುದಿಲ್ಲ, ವಾಂತಿ ಬಂದ ಹಾಗೆ ಆಗುವುದು ಮಾತ್ರ ಗ್ಯಾರಂಟಿ. ಹೊಟ್ಟೆ ಉಬ್ಬರ, ಎದೆ ಬಿಗಿತ, ತಲೆನೋವು, ಮನಸ್ಸು ಕಿರಿಕಿರಿ, ಅಲ್ಪಸ್ವಲ್ಪ ಕಲೆ ಕಾಣಿಸಿಕೊಳ್ಳುವುದು, ಮುಂದಿನ ತಿಂಗಳ ಲೆಕ್ಕ ಏರುಪೇರು, ಇವು ಸಾಮಾನ್ಯ, ತಾವಾಗಿ ಹೋಗುತ್ತವೆ. ಹದಿನೈದು ವರ್ಷದ ಮಗಳಿಗೆ ತೇರಿಗೆ ಅಂತ ತಾಯಿಯೇ ತಂದು ಕೊಡುವುದು, ಶ್ರಾವಣದಿಂದ ದೀಪಾವಳಿವರೆಗೆ ಹಬ್ಬಕ್ಕೊಂದು ಸಲ ತೆಗೆದುಕೊಳ್ಳುವುದು, ಇವೆರಡನ್ನು ವೈದ್ಯರ ಮಾತಿಲ್ಲದೆ ಖಂಡಿತ ಮಾಡಬೇಡಿ. ಖಾಲಿ ಹೊಟ್ಟೆಗೆ ಹುರಿಗಡಲೆ ತಿಂದರೆ ಮುಂದೆ ಹೋಗುತ್ತೆ ಅನ್ನುವವರೂ ಇದ್ದಾರೆ. ಹುರಿಗಡಲೆಯಿಂದ ಮುಟ್ಟು ಕದಲುವುದಿಲ್ಲ, ಆದರೆ ಅದರಿಂದ ಯಾರಿಗೂ ಹೆಪ್ಪು ಕಟ್ಟಿಲ್ಲ.

ಮಾತ್ರೆ ತೆಗೆದುಕೊಂಡಿರುವಾಗ ಒಂದೇ ಕಾಲು ಊದಿ, ಮೀನಖಂಡವೋ ತೊಡೆಯೋ ಬಿಸಿಯಾಗಿ ನೋಯುತ್ತಿದ್ದರೆ, ಇದ್ದಕ್ಕಿದ್ದ ಹಾಗೆ ಏದುಸಿರು, ಎದೆನೋವು ಬಂದರೆ, ಹಿಂದೆಂದೂ ಬರದಂಥ ತಲೆನೋವು ಬಂದರೆ, ಮಾತ್ರೆ ನಿಲ್ಲಿಸಿ ನೇರ ಆಸ್ಪತ್ರೆಗೆ ಹೋಗಿ. ಹಳ್ಳಿಯಲ್ಲಿದ್ದರೆ 108ಕ್ಕೆ ಫೋನ್ ಮಾಡಿ. ವೈದ್ಯರು ಏನು ಮಾತ್ರೆ ತಗೊಂಡಿದ್ದೆ ಅಂತ ಕೇಳಿದಾಗ ಅತ್ತೆ ಮಾವ ಎದುರಿಗಿದ್ದಾರೆ ಅಂತ ಮುಚ್ಚಿಡಬೇಡಿ. ಕತ್ತರಿಸಿಕೊಟ್ಟ ಆ ಶೀಟಿನ ತುಂಡನ್ನೂ ಜೊತೆಗೆ ತೆಗೆದುಕೊಂಡು ಹೋಗಿ.